ಆಟಗಾರನ ಕೈಗೆ ಬಂದ ಉಳಿ

ಹಳೆಯ ಓಲೆಗರಿಗಳನ್ನು ಪರಿಷ್ಕರಿಸುವ ವಿದ್ವಾಂಸರಿಗೆ ‘ಪ್ರಕ್ಷಿಪ್ತ’ ಎಂಬ ಮಾತು ಚಿರಪರಿಚಿತವಾದದ್ದು. ಕಾವ್ಯವೊಂದನ್ನು ಪ್ರತಿ ಮಾಡುತ್ತ ಕುಳಿತ ಲಿಪಿಕಾರ ತನಗೆ ಹೊಳೆದ ನಾಲ್ಕು ಪದ್ಯಗಳನ್ನು ನಡುವೆ ಸೇರಿಸಿಬಿಡುತ್ತಾನೆ. ಅವನ ತರುವಾಯದವನು ಅವನ್ನೂ ಕವಿಯವೇ ಎಂದು ನಂಬಿ ಬರೆದುಕೊಳ್ಳುತ್ತಾನೆ. ನೂರಾರು ವರ್ಷಗಳ ಮೇಲೆ ಯಾವುದು ಮೂಲ, ಯಾವುದು ಸೇರಿಕೆ ಎಂದು ಬಿಡಿಸುವುದೇ ಒಂದು ತಪಸ್ಸಾಗುತ್ತದೆ. ಪುಣೆಯ ಭಂಡಾರಕರ್ ಸಂಶೋಧನ ಮಂದಿರದವರು 1919ರಲ್ಲಿ ಕೈಗೆತ್ತಿಕೊಂಡ ಮಹಾಭಾರತದ ಪರಿಷ್ಕರಣ ಮುಗಿದದ್ದು 1966ರಲ್ಲಿ.

ಆದರೂ ಆ ಲಿಪಿಕಾರನನ್ನು ಕಳ್ಳನೆಂದು ಕರೆಯಲು ನನಗೆ ಮನಸ್ಸು ಬಾರದು. ಕೃತಿಯ ಮೇಲೆ ಪ್ರೀತಿ ಬಲಿತಾಗ ಅದರಲ್ಲಿ ತಾನೂ ಕೈಯಾಡಿಸಬೇಕೆಂಬ ಆಸೆ ಹುಟ್ಟುವುದು ಸಹಜ. ಆ ಆಸೆಗೆ ಎಡೆ ಕೊಡಬೇಕು, ಮೂಲಕ್ಕೂ ಕೇಡಾಗಬಾರದು. ಇದಕ್ಕೆ ದಾರಿ ಯಾವುದು? ಈ ಪ್ರಶ್ನೆಗೆ ಒಂದು ಅಚ್ಚುಕಟ್ಟಾದ ಉತ್ತರ ನಾವು ನಿರೀಕ್ಷಿಸದ ಕಡೆಯಲ್ಲಿ, ಅಂದರೆ ಒಂದು ವಿಡಿಯೋ ಆಟದ ಸುತ್ತ ನೆರೆದ ಅಭಿಮಾನಿಗಳ ನಡುವೆ, ರೂಪುಗೊಂಡಿತು. ಅದನ್ನೇ ಇಂದು ನಿಮ್ಮ ಮುಂದಿಡಲು ಬಯಸುತ್ತೇನೆ.

ಆಟದ ಹೆಸರು ‘ಡೂಮ್’. ಅಮೆರಿಕದ ಟೆಕ್ಸಾಸ್ ಸಂಸ್ಥಾನದ ಮೆಸ್ಕೀಟ್ ಎಂಬ ಊರಿನಲ್ಲಿದ್ದ ಇಡ್ ಸಾಫ್ಟ್‌ವೇರ್ ಎಂಬ ಚಿಕ್ಕ ಸಂಸ್ಥೆ ಅದನ್ನು 1993ರ ಡಿಸೆಂಬರ್ 10ರಂದು ಬಿಡುಗಡೆ ಮಾಡಿತು. ಮಂಗಳಗ್ರಹದ ಉಪಗ್ರಹವೊಂದರಲ್ಲಿ ಒಂಟಿಯಾಗಿ ಸಿಕ್ಕಿಕೊಂಡ ಸೈನಿಕ, ನರಕದಿಂದ ನುಗ್ಗಿಬಂದ ಪಿಶಾಚಿಗಳು, ಕತ್ತಲೆಯ ಓಣಿಗಳು, ಗುಂಡಿನ ಸದ್ದು, ಕಥೆ ಇಷ್ಟೇ. ಮೂರು ಕಾಂಡಗಳು, ಕಾಂಡಕ್ಕೆ ಒಂಬತ್ತರಂತೆ 27 ಹಂತಗಳು. ಮೊದಲನೆಯ ಕಾಂಡ ಉಚಿತ. ಉಳಿದೆರಡಕ್ಕೆ ಹಣ ತೆರಬೇಕು. ಆ ಆಟದ ಹಿಂಸೆಯನ್ನು ಕುರಿತು ಬಹಳ ಚರ್ಚೆ ನಡೆದಿದೆ. ಅದು ಬೇರೆಯೇ ಭಾಷಣದ ವಿಷಯ. ಇಲ್ಲಿ ನನ್ನ ಕುತೂಹಲವೆಲ್ಲ ಆಟದ ಕಟ್ಟಡವನ್ನು ಕುರಿತದ್ದು.

ಆಟಗಳನ್ನು ತಿದ್ದುವ ಚಪಲ ಡೂಮ್‌ನಿಂದ ಆರಂಭವಾದದ್ದಲ್ಲ. ಸೈಲಸ್ ವಾರ್ನರ್ ಎಂಬಾತ 1981ರಲ್ಲಿ ರಚಿಸಿದ ‘ಕ್ಯಾಸಲ್ ವುಲ್ಫೆನ್‌ಸ್ಟೈನ್’ ಎಂಬ ಆಟದಲ್ಲಿ ನಾತ್ಸಿ ಕಾವಲುಗಾರರಿದ್ದರು. 1983ರಲ್ಲಿ ಕೆಲವು ತುಂಟರು ಆ ಕಾವಲುಗಾರರ ಜಾಗದಲ್ಲಿ ಮಕ್ಕಳ ಚಿತ್ರಕಥೆಯ ನೀಲಿ ಕುಳ್ಳರಾದ ಸ್ಮರ್ಫ್‌ಗಳನ್ನು ನಿಲ್ಲಿಸಿ ಹೊಸ ಆಟವನ್ನೇ ಮಾಡಿದರು. ಇಡ್ ಸಂಸ್ಥೆ 1992ರಲ್ಲಿ ಹೊರತಂದ ‘ವುಲ್ಫೆನ್‌ಸ್ಟೈನ್ 3ಡಿ’ ಆಟಕ್ಕೂ ಅಭಿಮಾನಿಗಳು ಹೀಗೆಯೇ ಹೊಸ ವೇಷ ತೊಡಿಸಿದರು. ಆದರೆ ಅಲ್ಲಿ ಹೊಸ ಚಿತ್ರವನ್ನು ಸೇರಿಸಬೇಕಾದರೆ ಹಳೆಯದರ ಮೇಲೆಯೇ ಬರೆಯಬೇಕಿತ್ತು. ನಮ್ಮ ಲಿಪಿಕಾರನ ದಾರಿಯೇ ಇದು. ಸೇರಿಕೆ ಬಂದ ಗಳಿಗೆಯಲ್ಲಿ ಮೂಲ ಕೆಡುತ್ತದೆ.

ಅಭಿಮಾನಿಗಳ ಈ ಚಟುವಟಿಕೆಯನ್ನು ಇಡ್ ಸಂಸ್ಥೆಯ ಜಾನ್ ಕಾರ್ಮ್ಯಾಕ್ ಮತ್ತು ಜಾನ್ ರೊಮೆರೊ ಗಮನಿಸಿದ್ದರು. ಅವರು ಸಿಟ್ಟಾಗಲಿಲ್ಲ, ಸಂತೋಷಪಟ್ಟರು. ಡೂಮ್ ಕಟ್ಟುವಾಗ ಕಾರ್ಮ್ಯಾಕ್ ಆಟವನ್ನು ನಡೆಸುವ ಯಂತ್ರಭಾಗವನ್ನು ಒಂದು ಕಡೆಗೂ, ಗೋಡೆ, ಚಿತ್ರ, ಸದ್ದು, ನಕ್ಷೆ ಮೊದಲಾದ ಸಾಮಗ್ರಿಯನ್ನೆಲ್ಲ ಬೇರೊಂದು ಕಡತಕ್ಕೂ ಹಂಚಿದ. ಆ ಕಡತಕ್ಕೆ ‘ವ್ಯಾಡ್’ ಎಂದು ಹೆಸರು. ‘ಸಾಮಗ್ರಿಯೆಲ್ಲ ಎಲ್ಲಿದೆ?’ ಎಂಬರ್ಥದ ಇಂಗ್ಲಿಷ್ ಪ್ರಶ್ನೆಯ ಮೊದಲಕ್ಷರಗಳಿಂದ ಆದ ಹೆಸರು ಅದು.

ಈ ಕಡತವನ್ನು ಒಂದು ಪುಸ್ತಕವೆಂದು ಭಾವಿಸಿದರೆ ತಿಳಿಯುವುದು ಸುಲಭ. ಅದರ ಮುಖಪುಟ 12 ಬೈಟುಗಳಷ್ಟು ಮಾತ್ರ. ಕಡತದ ಜಾತಿಯನ್ನು ಹೇಳುವ ನಾಲ್ಕು ಅಕ್ಷರಗಳು, ಒಳಗಿರುವ ತುಣುಕುಗಳ ಸಂಖ್ಯೆ, ಪರಿವಿಡಿ ಇರುವ ಜಾಗ. ಮುಖಪುಟದಲ್ಲಿ ಬೇರೇನೂ ಇಲ್ಲ. ಪರಿವಿಡಿಯ ಒಂದೊಂದು ಸಾಲೂ 16 ಬೈಟು: ತುಣುಕು ಎಲ್ಲಿದೆ, ಎಷ್ಟು ದೊಡ್ಡದು, ಎಂಟು ಅಕ್ಷರ ಮೀರದ ಅದರ ಹೆಸರೇನು ಎಂದು ಅಲ್ಲಿ ಬರೆದಿರುತ್ತದೆ. ಕಡತಗಳಲ್ಲಿ ಎರಡು ಜಾತಿ. ಆಟದೊಡನೆ ಬರುವುದು ಮೂಲದ ವ್ಯಾಡ್. ಹೊರಗಿನಿಂದ ಸೇರಿಸುವುದು ತೇಪೆಯ ವ್ಯಾಡ್. ತೇಪೆಯನ್ನು ಜೊತೆಗಿಟ್ಟು ಆಟವನ್ನು ಆರಂಭಿಸಿದರೆ ಯಂತ್ರವು ಬೇಕಾದ ತುಣುಕನ್ನು ಎಲ್ಲ ಪರಿವಿಡಿಗಳಲ್ಲಿ ಕೊನೆಯಿಂದ ಹಿಂದಕ್ಕೆ ಹುಡುಕುತ್ತ ಬರುತ್ತದೆ. ಒಂದೇ ಹೆಸರಿನ ತುಣುಕು ಎರಡಿದ್ದರೆ ಕಡೆಗೆ ಸೇರಿದ್ದೇ ಮೊದಲು ಸಿಗುತ್ತದೆ, ಅದೇ ತೆರೆಯ ಮೇಲೆ ಕಾಣುತ್ತದೆ. ತೇಪೆಯನ್ನು ತೆಗೆದಿಟ್ಟರೆ ಮೂಲ ಇದ್ದ ಹಾಗೆಯೇ ಇದೆ. ಸೇರಿಕೆಯೂ ಉಂಟು, ಪ್ರಕ್ಷಿಪ್ತವೂ ಇಲ್ಲ!

ಇಷ್ಟಾದರೂ ಅಭಿಮಾನಿಗಳ ಪಾಲಿಗೆ ಬಾಗಿಲು ತೆರೆದಿತ್ತೇ ಹೊರತು ಒಳಗೆ ಕೆಲಸ ಮಾಡಲು ಉಳಿ ಸುತ್ತಿಗೆಗಳಿರಲಿಲ್ಲ. ಇಡ್ ಸಂಸ್ಥೆಯವರು ತಮ್ಮ ನಕ್ಷೆಗಳನ್ನು ‘ನೆಕ್ಸ್ಟ್’ ಎಂಬ ಬೆಲೆಬಾಳುವ ಕಂಪ್ಯೂಟರುಗಳ ಮೇಲೆ ರಚಿಸಿದ್ದರು. ಆ ತಂತ್ರಾಂಶ ಸಾಮಾನ್ಯರ ಮನೆಯ ಯಂತ್ರಗಳಲ್ಲಿ ನಡೆಯುತ್ತಿರಲಿಲ್ಲ. ಆದ್ದರಿಂದ ಆಟಗಾರರು ಕಡತದ ಬೈಟುಗಳನ್ನು ಒಂದೊಂದಾಗಿ ನೋಡಿ, ಯಾವ ಅಂಕಿ ಏನನ್ನು ಹೇಳುತ್ತದೆ ಎಂದು ಊಹಿಸಿ, ಪರೀಕ್ಷಿಸಿ, ತಿಳಿದದ್ದನ್ನು ಪರಸ್ಪರ ಬರೆದು ಹಂಚಿಕೊಳ್ಳತೊಡಗಿದರು. ಓದಲಾಗದ ಶಾಸನದ ಲಿಪಿಯನ್ನು ಬಿಡಿಸುವ ಕೆಲಸಕ್ಕೆ ಇದು ಬಹಳ ಹತ್ತಿರವಾದದ್ದು.

ಇದರ ಫಲ ಬೇಗನೆ ಬಂತು. 1994ರ ಜನವರಿ 26ರಂದು, ಆಟ ಹೊರಬಿದ್ದ 47ನೆಯ ದಿನ, ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಬ್ರೆಂಡನ್ ವೈಬರ್ ‘ಡೂಮ್ ಎಡಿಟರ್ ಯುಟಿಲಿಟಿ’ ಎಂಬ ತಂತ್ರಾಂಶವನ್ನು ಬಿಡುಗಡೆ ಮಾಡಿದ. ಅಭಿಮಾನಿಗಳು ಅದನ್ನು ಡಿ.ಇ.ಯು. ಎಂದು ಚಿಕ್ಕದಾಗಿ ಕರೆದರು. ಅವನ ಜೊತೆಗಾರರಲ್ಲಿ ಮುಖ್ಯನಾದ ರಫಾಯೆಲ್ ಕಿನೆ ಇದ್ದದ್ದು ಬೆಲ್ಜಿಯಂನಲ್ಲಿ. ಭೂಗೋಳದ ಎರಡು ಕೊನೆಗಳಲ್ಲಿದ್ದವರು ದೂರದಿಂದಲೇ ಸೇರಿ ಈ ಕೆಲಸ ಮಾಡಿದರು. ಅದಕ್ಕೆ ಬೆಲೆ ಕಟ್ಟಲಿಲ್ಲ. ಅದರ ಮೂಲಬರಹವನ್ನೂ ಬಚ್ಚಿಡಲಿಲ್ಲ.

ಈ ಉಳಿಯಿಂದ ಏನನ್ನು ಕೆತ್ತಬಹುದೆಂದು ತಿಳಿಯಲು ನಾನು ಇಂದಿನ ಎಡಿಟರೊಂದರಲ್ಲಿ ಒಂದು ಕೋಣೆಯನ್ನು ಕಟ್ಟಿ ನೋಡಿದೆ. ಕ್ರಮ ಹೀಗೆ: ತೆರೆಯ ಮೇಲೆ ಒಂದು ಬಯಲು; ಮೇಲಿನಿಂದ ನೋಡಿದಂತೆ ನಕ್ಷೆ. ಅದರಲ್ಲಿ ನಾಲ್ಕು ಬಿಂದುಗಳನ್ನಿಟ್ಟು ನಾಲ್ಕು ಗೆರೆಗಳಿಂದ ಕೂಡಿಸಬೇಕು. ಗೆರೆಯ ಬಲಮಗ್ಗುಲೇ ಅದರ ಮುಖ. ಆದ್ದರಿಂದ ಪ್ರದಕ್ಷಿಣೆಯಾಗಿ ಎಳೆದರೆ ಗೋಡೆಗಳು ಒಳಮುಖವಾಗುತ್ತವೆ. ಆವರಿಸಿದ ಜಾಗಕ್ಕೆ ನೆಲದ ಎತ್ತರ ಸೊನ್ನೆ, ಛಾವಣಿಯ ಎತ್ತರ 128, ಬೆಳಕು ಇಷ್ಟು ಎಂದು ಅಂಕಿ ಕೊಡಬೇಕು. ಬೆಳಕಿಗೆ ಸೊನ್ನೆಯಿಂದ 255ರವರೆಗೆ ಅಳತೆ. ಬಾಗಿಲೆಂದರೆ ಪ್ರತ್ಯೇಕ ವಸ್ತುವಲ್ಲ, ಛಾವಣಿ ನೆಲಕ್ಕೆ ತಾಗಿರುವ ಒಂದು ಪುಟ್ಟ ಕೋಣೆ. ತೆರೆಯುವುದೆಂದರೆ ಆ ಛಾವಣಿ ಮೇಲೇರುವುದು. ಆಟಗಾರ 24ರಷ್ಟು ಎತ್ತರದ ಮೆಟ್ಟಿಲನ್ನು ಹತ್ತಬಲ್ಲ. 25 ಆದರೆ ಅದೇ ಅವನಿಗೆ ಗೋಡೆ. ಒಂದು ಅಂಕಿಯ ವ್ಯತ್ಯಾಸದಿಂದ ದಾರಿ ಮುಚ್ಚುತ್ತದೆ. ಛಂದಸ್ಸಿನಲ್ಲಿ ಒಂದು ಮಾತ್ರೆ ಹೆಚ್ಚಾದರೆ ಪದ್ಯ ಎಡವುವುದಿಲ್ಲವೇ, ಹಾಗೆ.

ಇನ್ನೊಂದು ತೊಡಕಿತ್ತು. ಅಂದಿನ ಯಂತ್ರಗಳ ಶಕ್ತಿ ಅಲ್ಪ. ಯಾವ ಗೋಡೆ ಮುಂದೆ, ಯಾವುದು ಹಿಂದೆ ಎಂಬುದನ್ನು ಆಡುವ ಗಳಿಗೆಯಲ್ಲಿ ಲೆಕ್ಕ ಹಾಕುತ್ತ ಕೂತರೆ ಆಟ ತೆವಳುತ್ತದೆ. ಆದ್ದರಿಂದ ನಕ್ಷೆಯನ್ನು ಒಂದು ಗೆರೆಯಿಂದ ಎರಡು ಪಾಲು, ಒಂದೊಂದು ಪಾಲನ್ನೂ ಮತ್ತೆ ಎರಡು ಎಂದು ಸೀಳುತ್ತ ಹೋಗಿ ಕವಲುಕವಲಾದ ಮರದಂತೆ ಮೊದಲೇ ಅಣಿಮಾಡಿ ಇಡುತ್ತಿದ್ದರು. ಫುಕ್ಸ್, ಕೇಡೆಮ್, ನೇಲರ್ ಎಂಬ ಮೂವರು ವಿದ್ವಾಂಸರು 1980ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ವಿಧಾನವಿದೆ. ಇದನ್ನು ಮಾಡಿಕೊಡುವ ತಂತ್ರಾಂಶ ಸಿಗುವವರೆಗೆ ಅಭಿಮಾನಿಗಳು ಇದ್ದ ಪಿಶಾಚಿಯನ್ನು ಅತ್ತಿಂದಿತ್ತ ಸರಿಸಬಹುದಿತ್ತು, ಹೊಸ ಗೋಡೆಯನ್ನು ಎಬ್ಬಿಸುವಂತಿರಲಿಲ್ಲ. ಇಡ್ ಸಂಸ್ಥೆ 1994ರಲ್ಲಿ ಇದಕ್ಕಾಗಿ ತಾನು ಬಳಸುತ್ತಿದ್ದ ತಂತ್ರಾಂಶದ ಮೂಲಬರಹವನ್ನೇ ಹೊರಗೆ ಕೊಟ್ಟಿತು. ಅಭಿಮಾನಿ ರಚಿಸಿದ ಮೊತ್ತಮೊದಲ ನಕ್ಷೆಯೆಂದು ಗಣಿಸಲಾಗಿರುವುದು ಅದೇ ವರ್ಷದ ಮಾರ್ಚ್ ತಿಂಗಳದ್ದು. ಎರಡೇ ಕೋಣೆ, ನಡುವೆ ಒಂದು ಬಾಗಿಲು. ಆರಂಭಗಳೆಲ್ಲ ಹೀಗೆಯೇ ಬಡವಾಗಿರುತ್ತವೆ.

ಒಡೆಯನಾದವನು ಇದನ್ನೆಲ್ಲ ಯಾವ ಷರತ್ತೂ ಇಲ್ಲದೆ ಒಪ್ಪಿದನೇ ಎಂದು ನೀವು ಕೇಳಬಹುದು. ಷರತ್ತುಗಳಿದ್ದವು. ತಿದ್ದುವ ಸಲಕರಣೆ ಉಚಿತ ಕಾಂಡದ ಮೇಲೆ ಕೆಲಸ ಮಾಡಕೂಡದು; ಅದು ತಮ್ಮ ಸಂಸ್ಥೆಯ ವಸ್ತುವೆಂದು ಹೇಳಿಕೊಳ್ಳಕೂಡದು; ಅದರಿಂದ ತಿದ್ದಿದ ಆಟ ಕೆಟ್ಟರೆ ತಮ್ಮ ಬಳಿ ಬರಕೂಡದು ಎಂದು ಇಡ್ ಸಂಸ್ಥೆ ಕೇಳಿಕೊಂಡಿತು. ಈ ಕಟ್ಟಳೆಗಳನ್ನು ನಾನು ನ್ಯಾಯವಾದವೆಂದೇ ಎಣಿಸುತ್ತೇನೆ. ಆಟಕ್ಕೆ ಹಣ ತೆತ್ತವನಿಗೆ ಮಾತ್ರ ಹೊಸ ನಕ್ಷೆಯ ಸವಿ. ಮೂಲಕರ್ತನ ಅನ್ನಕ್ಕೂ ಕಲ್ಲು ಬೀಳಲಿಲ್ಲ.

ಅಭಿಮಾನಿಗಳು ತಮಗೆ ತಾವೇ ಹಾಕಿಕೊಂಡ ಕಟ್ಟಳೆ ಇದಕ್ಕಿಂತ ಸೊಗಸಾದದ್ದು. ನಕ್ಷೆಯೊಡನೆ ಒಂದು ಸಣ್ಣ ಬರಹವನ್ನು ಇಡುವ ಪದ್ಧತಿ ಬಳಕೆಗೆ ಬಂತು. ರಚಿಸಿದವರ ಹೆಸರು, ಬಳಸಿದ ಎಡಿಟರಿನ ಹೆಸರು, ನೆರವಾದವರ ಸ್ಮರಣೆ. ಜೊತೆಗೆ, ಈ ನಕ್ಷೆಯನ್ನು ತಳಹದಿಯಾಗಿಟ್ಟುಕೊಂಡು ಬೇರೆಯವರು ಮುಂದಕ್ಕೆ ಕಟ್ಟಬಹುದೇ ಕೂಡದೇ ಎಂಬ ಒಂದು ಸಾಲು. ನಮ್ಮ ಲಿಪಿಕಾರ ಇಂಥದೊಂದು ಸಾಲು ಬರೆದಿಟ್ಟಿದ್ದರೆ ಪರಿಷ್ಕರಣಕಾರರ ಎಷ್ಟು ವರ್ಷಗಳು ಉಳಿಯುತ್ತಿದ್ದವು!

ಆದರೆ ಪ್ರೀತಿಯಿಂದ ಕೊಟ್ಟದ್ದು ಸಂತೆಗೆ ಬರದೆ ಇರುತ್ತದೆಯೇ? ಡೂಮ್ ತೋರಿದ ದಾರಿಯಲ್ಲಿ 1996ರಲ್ಲಿ ಬಂದ ‘ಡ್ಯೂಕ್ ನ್ಯೂಕೆಮ್ 3ಡಿ’ ಎಂಬ ಆಟದೊಡನೆ ತಿದ್ದುವ ಸಲಕರಣೆಯನ್ನೂ ಕೊಟ್ಟಿದ್ದರು. ರಚಿಸಿದ ನಕ್ಷೆಗಳನ್ನು ಇತರರಿಗೆ ಉಚಿತವಾಗಿ ಮಾತ್ರ ಹಂಚಬೇಕೆಂದು ನಿಬಂಧನೆ. ಮೈಕ್ರೊ ಸ್ಟಾರ್ ಎಂಬ ವ್ಯಾಪಾರಿ ಸಂಸ್ಥೆ ಆಟಗಾರರು ಹಂಚಿಕೊಂಡಿದ್ದ 300 ನಕ್ಷೆಗಳನ್ನು ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ತುಂಬಿ ಮಾರಾಟಕ್ಕಿಟ್ಟಿತು. ಮೊಕದ್ದಮೆ ನಡೆದು 1998ರಲ್ಲಿ ಅಮೆರಿಕದ ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ಅದು ಸಾಹಿತ್ಯದ ವಿದ್ಯಾರ್ಥಿಗಳು ಓದಬೇಕಾದ ತೀರ್ಪು. ನಕ್ಷೆಯ ಕಡತದಲ್ಲಿ ಮೂಲ ಆಟದ ಒಂದು ಚಿತ್ರವೂ ಇಲ್ಲ, ಯಾವ ಚಿತ್ರ ಎಲ್ಲಿ ನಿಲ್ಲಬೇಕೆಂಬ ಸೂಚನೆ ಮಾತ್ರ ಇದೆ. ಇದು ನಕಲು ಹೇಗಾದೀತು ಎಂದು ವ್ಯಾಪಾರಿಯ ವಾದ. ನ್ಯಾಯಾಲಯ ಒಪ್ಪಲಿಲ್ಲ. ಆ ಸೂಚನೆಗಳು ಹೇಳುವುದು ಅದೇ ನಾಯಕನ ಮುಂದಿನ ಕಥೆಯನ್ನು. ಉತ್ತರಕಥೆಯನ್ನು ಹೇಳುವ ಹಕ್ಕು ಮೂಲಕರ್ತನದು ಎಂದಿತು.

ತೀರ್ಪು ಸರಿಯೆಂದೇ ನನಗೂ ತೋರುತ್ತದೆ. ಆದರೂ ಒಂದು ಮಾತು ಮನಸ್ಸಿನಲ್ಲಿ ಉಳಿಯುತ್ತದೆ. ಆ ದಾವೆಯಲ್ಲಿ ಕಾದಾಡಿದವರು ಸಂಸ್ಥೆಗಳು. ರಾತ್ರಿ ಹಗಲೆನ್ನದೆ ಕೂತು ಆ 300 ನಕ್ಷೆಗಳನ್ನು ಕಟ್ಟಿದವರು ಯಾವ ಕಡೆಯ ಕಕ್ಷಿದಾರರೂ ಆಗಿರಲಿಲ್ಲ. ಕಾನೂನಿಗೆ ಮಾಲೀಕ ಕಾಣುತ್ತಾನೆ, ವ್ಯಾಪಾರಿ ಕಾಣುತ್ತಾನೆ. ಪ್ರೀತಿಯಿಂದ ಬರೆದವನು ಕಾಣುವುದಿಲ್ಲ. ಅವನ ಹೆಸರನ್ನು ಉಳಿಸಿದ್ದು ಅವರವರಲ್ಲೇ ಹುಟ್ಟಿದ, ಕಾನೂನಿನ ಬಲವಿಲ್ಲದ ಆ ಸಣ್ಣ ಬರಹಗಳ ಪದ್ಧತಿ.

ಇಷ್ಟರಿಂದ ನನಗೆ ಹೊಳೆಯುವುದು ಇದು: ನಕ್ಷೆಯನ್ನು ಕೊಟ್ಟವನು ಒಂದು ಕೃತಿಯನ್ನು ಕೊಡುತ್ತಾನೆ, ಉಳಿಯನ್ನು ಕೊಟ್ಟವನು ಕೃತಿಕಾರರನ್ನು ಉಂಟುಮಾಡುತ್ತಾನೆ. ಅದರಿಂದ ಯಾರು ಏನನ್ನು ಕೆತ್ತುವರೋ ಅವನಿಗೆ ತಿಳಿಯದು. ಕೆತ್ತಿದ್ದು ಅವನ ಹೆಸರಿಗೆ ಸೇರುವುದೂ ಇಲ್ಲ. ಹಾಗಿದ್ದೂ ಕೊಡುವುದಕ್ಕೆ ದೊಡ್ಡ ನಂಬಿಕೆ ಬೇಕು.

ಆ ನಂಬಿಕೆ ಬರಡಾಗಲಿಲ್ಲ. ಇಡ್ ಸಂಸ್ಥೆ 1997ರ ಡಿಸೆಂಬರಿನಲ್ಲಿ ಡೂಮ್ ಯಂತ್ರಭಾಗದ ಮೂಲಬರಹವನ್ನೇ ಸಾರ್ವಜನಿಕರ ಮುಂದಿಟ್ಟಿತು. ಮೂವತ್ತು ವರ್ಷಗಳು ಕಳೆದ ಮೇಲೂ ಆ ಆಟಕ್ಕೆ ಹೊಸ ನಕ್ಷೆಗಳು ಹುಟ್ಟುತ್ತಿವೆ. ಡಿ.ಇ.ಯು. ಮಾತ್ರ ತನ್ನ ಕಾಲದ ಯಂತ್ರಗಳೊಡನೆ ಹಿಂದೆ ಸರಿಯಿತು. ಆದರೆ ಮುಚ್ಚಿಡದೆ ಕೊಟ್ಟಿದ್ದ ಅದರ ಮೂಲಬರಹದಿಂದ ‘ಯಾಡೆಕ್ಸ್’ ಎಂಬ ಎಡಿಟರ್ ಹುಟ್ಟಿತು. ಯಾಡೆಕ್ಸ್‌ನಿಂದ ‘ಯುರೇಕಾ’ ಬಂತು. ನಾನು ನನ್ನ ನಾಲ್ಕು ಗೋಡೆಗಳನ್ನು ಎಬ್ಬಿಸಿದ್ದು ಈ ಯುರೇಕಾದಲ್ಲಿಯೇ. ನ್ಯೂಜಿಲೆಂಡಿನ ವಿದ್ಯಾರ್ಥಿ ಮತ್ತು ಅವನ ದೂರದ ಗೆಳೆಯರು ಕೊಟ್ಟ ಉಳಿ ಹಿಡಿಯನ್ನು ಬದಲಿಸಿಕೊಂಡಿದೆ, ಅಲಗನ್ನು ಮಸೆಯಿಸಿಕೊಂಡಿದೆ; ಇನ್ನೂ ಕೈಯಿಂದ ಕೈಗೆ ಸಾಗುತ್ತಿದೆ.