ಕೇಸ್ ಶೀಟಿನ ಕಾಗುಣಿತ

ರಾತ್ರಿ ಪಾಳಿಯ ನರ್ಸ್ ಒಬ್ಬರು ಕೇಸ್ ಶೀಟಿನಲ್ಲಿ ‘ಡಯೇರಿಯಾ’ ಎಂಬ ಇಂಗ್ಲಿಷ್ ಪದವನ್ನು ತಪ್ಪಾಗಿ ಬರೆದರೆ ಏನಾಗುತ್ತದೆ? ಬಹುಮಟ್ಟಿಗೆ ಏನೂ ಆಗುವುದಿಲ್ಲ. ಬ್ರಿಟಿಷರು ಅದನ್ನು ಬರೆಯುವ ಬಗೆ ಒಂದು, ಅಮೆರಿಕನ್ನರದು ಇನ್ನೊಂದು. ಹೇಗೆ ಬರೆದರೂ ಓದುವವರಿಗೆ ಭೇದಿ ಎಂದು ತಿಳಿಯುತ್ತದೆ. ಅದೇ ನರ್ಸ್ ಪದವನ್ನೆಲ್ಲ ಸರಿಯಾಗಿ ಬರೆದು ಒಂದು ಚುಕ್ಕೆಯನ್ನು ಮಸುಕಾಗಿ ಇಟ್ಟರೆ ರೋಗಿಗೆ ಹತ್ತು ಪಟ್ಟು ಔಷಧ ಹೋಗಬಹುದು. ವಾರ್ಡಿನ ಬರವಣಿಗೆಯಲ್ಲಿ ನಗೆಪಾಟಲಿನ ತಪ್ಪು ಬೇರೆ, ಜೀವಕ್ಕೆ ಕುತ್ತು ತರುವ ತಪ್ಪು ಬೇರೆ. ಬೈಗುಳ ಸಿಗುವುದು ಮಾತ್ರ ಹೆಚ್ಚಾಗಿ ಮೊದಲನೆಯದಕ್ಕೆ.

ಚುಕ್ಕೆಯ ಲೆಕ್ಕ ಹೀಗೆ. 1 ಮಿಲಿಗ್ರಾಂ ಎನ್ನಲು 1.0 ಎಂದು ಬರೆದಾಗ, ಗೆರೆಯ ಮೇಲೆ ಕೂತ ಚುಕ್ಕೆ ಕಾಣದೆ ಹೋದರೆ ಅದು 10. ಅರ್ಧ ಮಿಲಿಗ್ರಾಮನ್ನು ಬರಿದೇ .5 ಎಂದು ಬರೆದರೆ ಅದು 5. ಆದ್ದರಿಂದ ಚುಕ್ಕೆಯ ಎಡಕ್ಕೆ ಸೊನ್ನೆ ಇರಲೇಬೇಕು, ಬಲತುದಿಯಲ್ಲಿ ಇರಲೇಬಾರದು: 0.5 ಸರಿ, 1 ಸರಿ. ಇನ್ಸುಲಿನ್ ಬರೆಯುವಾಗ ‘ಯೂನಿಟ್’ ಬದಲು ಬರೀ ‘ಯು’ ಅಕ್ಷರ ಹಾಕುವುದೂ ಹೀಗೆಯೇ. ಅವಸರದಲ್ಲಿ ಆ ಅಕ್ಷರದ ಬಾಯಿ ಮುಚ್ಚಿಕೊಂಡರೆ ಅದು ಸೊನ್ನೆಯಾಗುತ್ತದೆ, 4 ಯೂನಿಟ್ 40 ಆಗುತ್ತದೆ. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2004ರಲ್ಲೇ ಇಂಥ ಬರಹಗಳ ಒಂದು ನಿಷೇಧ ಪಟ್ಟಿ ಮಾಡಿತು. ‘ಎಂಎಸ್’ ಎಂಬ ಎರಡಕ್ಷರವೂ ಅದರಲ್ಲಿದೆ. ಅದು ನೋವು ಕಳೆಯುವ ಮಾರ್ಫಿನ್ ಸಲ್ಫೇಟೂ ಆಗಬಹುದು, ಹೆರಿಗೆ ವಾರ್ಡಿನಲ್ಲಿ ಗರ್ಭನಂಜಿಗೆ ಕೊಡುವ ಮೆಗ್ನೀಷಿಯಂ ಸಲ್ಫೇಟೂ ಆಗಬಹುದು. ನಮ್ಮಲ್ಲಿ ದಿನಕ್ಕೊಮ್ಮೆ ಎನ್ನಲು ಎಲ್ಲರೂ ಬರೆಯುವ ‘ಓಡಿ’ ಕಣ್ಣಿನ ವಿಭಾಗದಲ್ಲಿ ಬಲಗಣ್ಣಿನ ಗುರುತು. ವಿದೇಶಕ್ಕೆ ಹೊರಟ ನಮ್ಮ ನರ್ಸ್‌ಗಳು ಮೊದಲು ಬಿಡಬೇಕಾದ ರೂಢಿ ಇದು.

ಇನ್ನು ಜೋಡಿ ಪದಗಳು. ನುಂಗಲು ಆಗದಿರುವುದು ಡಿಸ್ಫೇಜಿಯಾ, ಮಾತು ಕೆಡುವುದು ಡಿಸ್ಫೇಸಿಯಾ. ಇಂಗ್ಲಿಷಿನಲ್ಲಿ ಇವೆರಡಕ್ಕೂ ಇರುವ ವ್ಯತ್ಯಾಸ ಒಂದೇ ಅಕ್ಷರ. ಮೊದಲನೆಯ ರೋಗಿಗೆ ನೋಡದೆ ನೀರು ಕುಡಿಸಿದರೆ ಶ್ವಾಸಕೋಶಕ್ಕೆ ಹೋದೀತು. ‘ಇಲಿಯಂ’ ಇನ್ನೂ ತುಂಟ: ಸಣ್ಣ ಕರುಳಿನ ಕೊನೆಯ ಭಾಗಕ್ಕೂ ಸೊಂಟದ ಮೂಳೆಗೂ ಅದೇ ಉಚ್ಚಾರ, ಕಾಗುಣಿತ ಮಾತ್ರ ಬೇರೆ. ಔಷಧಗಳಲ್ಲಿ ಡೋಪಮೀನ್-ಡೋಬುಟಮೀನ್, ವಿನ್‌ಬ್ಲಾಸ್ಟಿನ್-ವಿನ್‌ಕ್ರಿಸ್ಟಿನ್ ಹೆಸರುವಾಸಿ ಜೋಡಿಗಳು. ಅಮೆರಿಕದಲ್ಲಿ ಒಮೆಪ್ರಜೋಲ್ ಮೊದಲು ‘ಲೋಸೆಕ್’ ಎಂಬ ಹೆಸರಲ್ಲಿ ಬಂತು. ಮೂತ್ರ ಹೆಚ್ಚಿಸುವ ‘ಲೇಸಿಕ್ಸ್’ ಜೊತೆ ಗೊಂದಲವಾಗಿ ಕಂಪನಿಯೇ ಹೆಸರನ್ನು ‘ಪ್ರೈಲೋಸೆಕ್’ ಎಂದು ಬದಲಿಸಬೇಕಾಯಿತು. ಇಂಥ ಹೆಸರುಗಳಲ್ಲಿ ಬೇರೆಯಾಗುವ ಅಕ್ಷರಗಳನ್ನಷ್ಟೇ ದೊಡ್ಡಕ್ಷರದಲ್ಲಿ ಅಚ್ಚು ಹಾಕುವ ಉಪಾಯಕ್ಕೆ ‘ಟಾಲ್ ಮ್ಯಾನ್’ ಎನ್ನುತ್ತಾರೆ. ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವೇ ಇಲ್ಲದ ಕನ್ನಡದಲ್ಲಿ ಅದನ್ನು ಬರೆದು ತೋರಿಸಲಾರೆ.

ವ್ಯಾಕರಣದ ತಪ್ಪಿಗೆ ನನ್ನ ಮೆಚ್ಚಿನ ಉದಾಹರಣೆ ಎಲ್ಲ ವಾರ್ಡಿನಲ್ಲೂ ಸಿಗುವ ‘ಡಾಕ್ಟರ್ ಇನ್ಫಾರ್ಮ್ಡ್’. ಡಾಕ್ಟರಿಗೆ ತಿಳಿಸಲಾಯಿತೇ, ಡಾಕ್ಟರೇ ತಿಳಿಸಿದರೇ? ಕನ್ನಡದಲ್ಲಿ ಈ ಗೊಂದಲ ಹುಟ್ಟುವುದೇ ಇಲ್ಲ, ‘ಗೆ’ ಎಂಬ ವಿಭಕ್ತಿ ಪ್ರತ್ಯಯ ಕಾಯುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ‘ವಾಸ್’ ಎಂಬ ಪುಟ್ಟ ಪದ ಮಾಡಬೇಕು, ಅವಸರದಲ್ಲಿ ಬಿಟ್ಟುಹೋಗುವುದು ಅದೇ. ಕಾಲವೂ ಅಷ್ಟೇ ಮುಖ್ಯ. ‘ಇಂಜೆಕ್ಷನ್ ಗಿವ್’ ಎಂದು ಬರೆದಿದ್ದರೆ ಮುಂದಿನ ಪಾಳಿಯವರಿಗೆ ಕೊಟ್ಟಾಯಿತೋ, ಕೊಡಬೇಕೋ ತಿಳಿಯದು. ಒಂದೋ ರೋಗಿಗೆ ಎರಡು ಡೋಸ್, ಇಲ್ಲವೇ ಒಂದೂ ಇಲ್ಲ. ವಾಕ್ಯ ಸೊಗಸಾಗಿರಬೇಕಿಲ್ಲ; ಯಾರು, ಯಾರಿಗೆ, ಏನು, ಎಷ್ಟು ಗಂಟೆಗೆ ಎಂಬುದು ಅದರಲ್ಲಿದ್ದರೆ ಸಾಕು. ಕನ್ನಡ ಮಾಧ್ಯಮದಲ್ಲಿ ಓದಿ ನರ್ಸಿಂಗ್‌ಗೆ ಬಂದ ಹುಡುಗಿಯರಿಗೆ ನಾನು ಹೇಳುವುದಿಷ್ಟೆ: ಮೊದಲು ಮನಸ್ಸಿನಲ್ಲಿ ಕನ್ನಡದ ವಾಕ್ಯ ಪೂರ್ತಿ ಮಾಡಿಕೊಳ್ಳಿ, ಆಮೇಲೆ ಅದರ ಯಾವ ಭಾಗವೂ ಬೀಳದಂತೆ ಇಂಗ್ಲಿಷಿಗೆ ಇಳಿಸಿ.

ಫೋನಿನಲ್ಲಿ ಬರುವ ಆರ್ಡರ್‌ಗೆ ಕಿವಿಯ ಕಾಗುಣಿತ ಬೇಕು. ಇಂಗ್ಲಿಷಿನ ಫಿಫ್ಟೀನ್-ಫಿಫ್ಟಿ ಗೊಂದಲ ಕನ್ನಡದ ಹದಿನೈದು-ಐವತ್ತರಲ್ಲಿ ಇಲ್ಲ ಎಂದು ಬೀಗಬೇಡಿ. ಗದ್ದಲದಲ್ಲಿ ನಮ್ಮ ಇಪ್ಪತ್ತು ಎಪ್ಪತ್ತಾಗಿ ಕೇಳಿಸುತ್ತದೆ. ಮೊದಲು ಬರೆದುಕೊಳ್ಳಬೇಕು, ಬರೆದದ್ದನ್ನು ಡಾಕ್ಟರಿಗೆ ಓದಿ ಹೇಳಬೇಕು, ಸಂಖ್ಯೆಯನ್ನು ‘ಎರಡು, ಸೊನ್ನೆ’ ಎಂದು ಬಿಡಿಬಿಡಿಯಾಗಿ ಹೇಳಬೇಕು.

ತಪ್ಪು ಬರೆದಾಯಿತು, ಈಗೇನು? ವೈಟ್ನರ್ ಮುಟ್ಟಬೇಡಿ, ಗೀಚಿ ಕಪ್ಪು ಮಾಡಬೇಡಿ, ಹಾಳೆ ಹರಿಯಬೇಡಿ. ಹಳೆಯದು ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ, ತಾರೀಖು, ಸಮಯ ಹಾಕಿ. 1995ರಲ್ಲಿ ಸುಪ್ರೀಂ ಕೋರ್ಟ್ ವಿ.ಪಿ. ಶಾಂತಾ ಪ್ರಕರಣದಲ್ಲಿ ವೈದ್ಯಕೀಯ ಸೇವೆಯನ್ನು ಗ್ರಾಹಕ ಕಾನೂನಿನೊಳಗೆ ತಂದ ಮೇಲೆ ಕೇಸ್ ಶೀಟ್ ಸಾಕ್ಷಿಯಾಗಿ ನ್ಯಾಯಾಲಯ ಹತ್ತುವ ಕಾಗದ. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು 2002ರ ವೈದ್ಯರ ವೃತ್ತಿ ನಿಯಮಾವಳಿಯೇ ಹೇಳುತ್ತದೆ. ನ್ಯಾಯಾಲಯದಲ್ಲಿ ಕಾಗುಣಿತದ ತಪ್ಪನ್ನು ಯಾರೂ ಎಣಿಸುವುದಿಲ್ಲ. ವೈಟ್ನರ್ ಬಳಿದ ಜಾಗವನ್ನು ಮಾತ್ರ ವಕೀಲರು ಬೆಳಕಿಗೆ ಹಿಡಿದು ನೋಡುತ್ತಾರೆ.