ಬಿನ್ ತೆರೆಯುವ ವಿದ್ಯೆ

ಕಸದ ಬಿನ್ ತೆರೆಯಲು ಕಾಕಟೂ ಐದು ಕೆಲಸ ಮಾಡಬೇಕು. ಮುಚ್ಚಳದ ಅಂಚಿನಡಿ ಕೊಕ್ಕು ತೂರಿಸಿ ಮೀಟಬೇಕು, ಎತ್ತಬೇಕು, ಎತ್ತಿದ್ದನ್ನು ಕೊಕ್ಕಲ್ಲೋ ಕಾಲಲ್ಲೋ ಹಿಡಿದಿರಬೇಕು, ಹಾಗೆ ಹಿಡಿದೇ ಬಿನ್ನಿನ ಅಂಚಿನ ಮೇಲೆ ಹಿಂದಕ್ಕೆ ನಡೆಯಬೇಕು, ಕೊನೆಗೆ ಮುಚ್ಚಳವನ್ನು ಆಚೆ ಕೆಡವಬೇಕು. ಸಿಡ್ನಿಯ ನಮ್ಮ ಬೀದಿಯಲ್ಲಿ ಇದನ್ನು ನೋಡುತ್ತ ಎಷ್ಟೋ ಸಲ ನನ್ನ ಕಾಫಿ ಆರಿಹೋಗಿದೆ. ಹಳದಿ ಜುಟ್ಟಿನ, ಅಚ್ಚ ಬಿಳಿಯ ದೊಡ್ಡ ಗಿಣಿ ಅದು. ಅದಕ್ಕೆ ಬೇಕಾದ್ದು ಬ್ರೆಡ್ಡು. ನಾವು ಅಗಿದುಳಿಸಿದ ನುಗ್ಗೆಕಾಯಿ ಸಿಪ್ಪೆಯೆಲ್ಲ ರಸ್ತೆಗೆ.

"ಎಂಥ ಜಾಣ ಹಕ್ಕಿ ಕಣೇ!" ಅಂತ ಊರಿಂದ ಬಂದವರೆಲ್ಲ ಹೇಳುತ್ತಾರೆ. ಜಾಣ ಅಂದುಬಿಡುವುದು ಸುಲಭ. ಪ್ರತಿ ಹಕ್ಕಿಯೂ ತಾನಾಗಿ ಕಂಡುಕೊಂಡಿತೋ, ಒಂದನ್ನು ನೋಡಿ ಇನ್ನೊಂದು ಕಲಿಯಿತೋ ಎಂದು ಹೇಳುವುದಿದೆಯಲ್ಲ, ಅದು ಕಷ್ಟ. ಪಂಜರದಲ್ಲಾದರೆ ಪರೀಕ್ಷಿಸಬಹುದು. ಇಷ್ಟ ಬಂದ ಕಡೆ ಹಾರಿಹೋಗುವ ಹಕ್ಕಿಯನ್ನು ಏನು ಮಾಡುತ್ತೀರಿ?

ಲೂಸಿ ಆಪ್ಲಿನ್ ಎಂಬ ಸಂಶೋಧಕಿ ಇದಕ್ಕೊಂದು ದಾರಿಯನ್ನು ಇಂಗ್ಲೆಂಡಿನ ಆಕ್ಸ್‌ಫರ್ಡ್ ಬಳಿಯ ವೈಥಮ್ ಕಾಡಿನಲ್ಲಿ ಕಂಡುಕೊಂಡಿದ್ದರು. ಅಲ್ಲಿನ ಗ್ರೇಟ್ ಟಿಟ್ ಎಂಬ ಗುಬ್ಬಿ ಗಾತ್ರದ ಹಕ್ಕಿಗಳನ್ನು 1947ರಿಂದಲೂ ವಿಜ್ಞಾನಿಗಳು ಗಮನಿಸುತ್ತ ಬಂದಿದ್ದಾರೆ. ಆಪ್ಲಿನ್ ತಂಡ ಕಾಡಿನ ಐದು ಕಡೆ ಎರಡೆರಡು ಹಕ್ಕಿ ಹಿಡಿದು, ಒಂದು ಪೆಟ್ಟಿಗೆಯ ಜಾರುಬಾಗಿಲನ್ನು ಸರಿಸಿ ಹುಳು ತಿನ್ನುವುದನ್ನು ಕಲಿಸಿ ಬಿಟ್ಟಿತು. ಬಾಗಿಲನ್ನು ಎಡಕ್ಕೆ ಸರಿಸಿದರೂ ಹುಳು ಸಿಗುತ್ತದೆ, ಬಲಕ್ಕೆ ಸರಿಸಿದರೂ ಸಿಗುತ್ತದೆ. ಆದರೆ ಕಲಿಸಿದ್ದು ಒಂದೊಂದು ಕಡೆಯವಕ್ಕೆ ಒಂದೇ ಬದಿ. ಕಾಲಿಗೆ ಕಟ್ಟಿದ ಪುಟ್ಟ ಚಿಪ್‌ನಿಂದ ಯಾವ ಹಕ್ಕಿ ಯಾವಾಗ ಬಂದು ಯಾವ ಬದಿಗೆ ಸರಿಸಿತು ಎಂಬುದು ತಾನಾಗಿ ದಾಖಲಾಗುತ್ತಿತ್ತು. ಇಪ್ಪತ್ತು ದಿನಗಳಲ್ಲಿ ಸರಾಸರಿ ಮುಕ್ಕಾಲು ಪಾಲು ಹಕ್ಕಿಗಳು ಕಲಿತಿದ್ದವು, ಒಟ್ಟು 414. ಎಡದವರ ನಡುವೆ ಎಡ, ಬಲದವರ ನಡುವೆ ಬಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ವಲಸೆ ಹೋದ ಹಕ್ಕಿ ಹಳೆಯ ಅಭ್ಯಾಸ ಬಿಟ್ಟು ಹೊಸ ನೆರೆಯವರಂತೆ ನಡೆದುಕೊಂಡಿತು. 2015ರಲ್ಲಿ ಇದು ನೇಚರ್ ಪತ್ರಿಕೆಯಲ್ಲಿ ಬಂತು. ಆ ವಲಸಿಗ ಹಕ್ಕಿಯ ಸಂಗತಿ ಓದಿದಾಗ, ಪರದೇಶದಲ್ಲಿ ಸಂಸಾರ ಹೂಡಿದ ನನಗೆ ನಗು ಬಂತು.

ಸಿಡ್ನಿಯಲ್ಲಿ ಯಾರೂ ಕಲಿಸಿರಲಿಲ್ಲ. ಬಿನ್ ತೆರೆಯುವ ಕಾಕಟೂವಿನ ವಿಡಿಯೊವೊಂದನ್ನು ಆಸ್ಟ್ರೇಲಿಯನ್ ಮ್ಯೂಸಿಯಂನ ರಿಚರ್ಡ್ ಮೇಜರ್ ಆಪ್ಲಿನ್‌ಗೆ ತೋರಿಸಿದರು. ಆಪ್ಲಿನ್, ಬಾರ್ಬರಾ ಕ್ಲಂಪ್ ಮತ್ತು ಸಂಗಡಿಗರು ಊರಿನ ಜನರನ್ನೇ ಕೇಳಿದರು: ನಿಮ್ಮ ಬಡಾವಣೆಯಲ್ಲಿ ಇದನ್ನು ಕಂಡಿದ್ದೀರಾ? "ಕಂಡಿಲ್ಲ" ಎಂಬ ಉತ್ತರವೂ ಅವರಿಗೆ ಅಷ್ಟೇ ಮುಖ್ಯವಾಗಿತ್ತು. ಅದಿಲ್ಲದೆ ನಕ್ಷೆ ಬರೆಯಲಾಗದು. 2018ಕ್ಕೆ ಮುಂಚೆ ಮೂರೇ ಬಡಾವಣೆಗಳಲ್ಲಿದ್ದ ವಿದ್ಯೆ 2019ರ ಕೊನೆಗೆ 44ಕ್ಕೆ ಮುಟ್ಟಿತ್ತು. ಹತ್ತಿರದ ಬಡಾವಣೆಗಳಿಗೆ ಬೇಗ, ದೂರದವಕ್ಕೆ ತಡವಾಗಿ. ಪ್ರತಿ ಹಕ್ಕಿಯೂ ತಾನೇ ಕಂಡುಹಿಡಿದಿದ್ದರೆ ಹೀಗೆ ಅಕ್ಕಪಕ್ಕಕ್ಕೇ ಹಬ್ಬುತ್ತಿರಲಿಲ್ಲ. ಬಡಾವಣೆ ದೂರವಾದಷ್ಟೂ ಮುಚ್ಚಳ ಎತ್ತುವ ವರಸೆಯೂ ಬೇರೆ ಬೇರೆ.

ಸುಮಾರು 500 ಕಾಕಟೂಗಳಿಗೆ ಬಣ್ಣದ ಚುಕ್ಕಿ ಇಟ್ಟು ಗುರುತು ಹಿಡಿದಾಗ ಇನ್ನೊಂದು ಸಂಗತಿ ತಿಳಿಯಿತು: ಬಿನ್ ತೆರೆಯಬಲ್ಲವು ಸುಮಾರು ಶೇಕಡಾ 10 ಮಾತ್ರ. ಅವುಗಳಲ್ಲೂ ಹೆಚ್ಚಿನವು ಗಂಡು. ಉಳಿದವು ಕಾದು ಕೂತು, ತೆರೆದದ್ದರಲ್ಲಿ ಪಾಲು ಪಡೆಯುತ್ತವೆ. ಅವನ್ನು ದಡ್ಡ ಎನ್ನಲು ನನಗೆ ಮನಸ್ಸಿಲ್ಲ. ಯಾರ ಪಕ್ಕ ಕೂತರೆ ಹೊಟ್ಟೆ ತುಂಬುತ್ತದೆ ಎಂದು ತಿಳಿಯುವುದೂ ಸಣ್ಣ ಲೆಕ್ಕವಲ್ಲ.

2022ರಲ್ಲಿ ಅದೇ ತಂಡ ಮನುಷ್ಯರ ಕಡೆ ತಿರುಗಿತು. ಜನ ಮುಚ್ಚಳದ ಮೇಲೆ ಇಟ್ಟಿಗೆ ಇಟ್ಟರೆ ಕಾಕಟೂ ಅದನ್ನು ತಳ್ಳಿ ಬೀಳಿಸುವುದನ್ನು ಕಲಿತಿತ್ತು. ಆಗ ಜನ ಬೇರೆ ಉಪಾಯ ಹುಡುಕಿದರು. ಹತ್ತಿರದ ಮನೆಗಳ ಉಪಾಯಗಳು ಒಂದೇ ತೆರನಾಗಿದ್ದವು. ಅನೇಕರು ಕಲಿತದ್ದು ನೆರೆಯವರಿಂದ. ನಮ್ಮನೆಯವರು ಬಿನ್ನಿನ ಹಿಂದಿನ ಸಂದಿಗೆ ಹಳೇ ಚಪ್ಪಲಿ ತುರುಕುವುದೂ ಎದುರು ಮನೆಯವರನ್ನು ನೋಡಿಯೇ. ಚಪ್ಪಲಿ ಅಡ್ಡವಿದ್ದರೆ ಮುಚ್ಚಳ ಪೂರ್ತಿ ಹಿಂದಕ್ಕೆ ಬೀಳುವುದಿಲ್ಲ. ಲಾರಿ ಬಿನ್ನನ್ನು ತಲೆಕೆಳಗು ಮಾಡಿದಾಗ ಕಸ ಮಾತ್ರ ಸಲೀಸಾಗಿ ಬೀಳುತ್ತದೆ.