ಯಾರನ್ನು ಒಳಗೆ ಬಿಡಬೇಕು? ಹಳೆ ಸರ್ವರ್ ಹೊಸದಕ್ಕೆ ಹೇಳಬೇಕಾದದ್ದು

ನೂಲದಿಂದ ಕೊಲ್ಹಾಪುರಕ್ಕೆ ಓದಲು ಹೋದ ಹುಡುಗಿಯೊಬ್ಬಳು ಕಾಲೇಜಿನ ವೈಫೈಗೆ ತನ್ನ ಹೆಸರು, ಪಾಸ್‌ವರ್ಡ್ ಕೊಟ್ಟಳೆನ್ನಿ. ಗೋಡೆಯ ಮೇಲಿನ ವೈಫೈ ಪೆಟ್ಟಿಗೆಗೆ ಅವಳು ಯಾರೆಂದು ಗೊತ್ತಿರುವುದಿಲ್ಲ. ದೊಡ್ಡ ಸಂಸ್ಥೆಗಳಲ್ಲಿ ಅದು ಒಳಗಿನ ಸರ್ವರೊಂದನ್ನು ಕೇಳಿ ತಿಳಿದುಕೊಳ್ಳುತ್ತದೆ. ಹೀಗೆ ಕೇಳುವ, ಉತ್ತರಿಸುವ ಪದ್ಧತಿಯ ಹೆಸರು ರೇಡಿಯಸ್. ಫೋನ್ ತಂತಿಯ ಮೂಲಕ ಜಾಲಕ್ಕೆ ಬರುವವರ ಗುರುತು ಪರೀಕ್ಷಿಸಲೆಂದು 1991ರಲ್ಲಿ ಅಮೆರಿಕದ ಲಿವಿಂಗ್‌ಸ್ಟನ್ ಕಂಪನಿ ಅದನ್ನು ರೂಪಿಸಿತು. ವಿಂಡೋಸ್ ಸರ್ವರ್‌ನಲ್ಲಿ ಈ ಕೆಲಸ ನೆಟ್‌ವರ್ಕ್ ಪಾಲಿಸಿ ಸರ್ವರ್, ಅಂದರೆ ಎನ್‌ಪಿಎಸ್‌ನದು.

ಅದರೊಳಗೆ ಇರುವುದು ನಿಯಮಗಳ ಪಟ್ಟಿ. ಸಿಬ್ಬಂದಿಗೆ ಯಾವಾಗಲೂ ಪ್ರವೇಶ, ವಿದ್ಯಾರ್ಥಿಗಳಿಗೆ ಇಂತಿಷ್ಟು ಹೊತ್ತು, ಹೀಗೆ. ಸರ್ವರ್ ಅವನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ಬಂದು, ಮೊದಲು ಹೊಂದಿದ ನಿಯಮವನ್ನೇ ಅನ್ವಯಿಸುತ್ತದೆ. ಯಾವುದೂ ಹೊಂದದಿದ್ದರೆ ಪ್ರವೇಶವಿಲ್ಲ. ಆದ್ದರಿಂದ ನಿಯಮಗಳಷ್ಟೇ ಮುಖ್ಯ ಅವುಗಳ ಕ್ರಮ.

ಆದರೆ ಸರ್ವರ್‌ಗೂ ಆಯುಸ್ಸಿದೆ. ವಿಂಡೋಸ್ ಸರ್ವರ್ 2003ಕ್ಕೆ ಭದ್ರತಾ ತಿದ್ದುಪಡಿಗಳು 2015ರ ಜುಲೈನಲ್ಲಿ ನಿಂತವು. 2008 ಆರ್2ರ ಸಾಮಾನ್ಯ ಬೆಂಬಲ 2020ರ ಜನವರಿಯಲ್ಲಿ, 2012 ಆರ್2ರದು 2023ರ ಅಕ್ಟೋಬರ್‌ನಲ್ಲಿ ಮುಗಿಯಿತು. ಎಲ್ಲರ ಪಾಸ್‌ವರ್ಡ್ ಪರೀಕ್ಷಿಸುವ ಯಂತ್ರವನ್ನು ತಿದ್ದುಪಡಿಯಿಲ್ಲದೆ ನಡೆಸುವುದು ಅಪಾಯ. ನಿಯಮಗಳನ್ನು ಹೊಸ ಯಂತ್ರಕ್ಕೆ ಸಾಗಿಸಲೇಬೇಕು.

2003ರಲ್ಲಿ ಈ ಸೇವೆಯ ಹೆಸರು ಐಎಎಸ್. ಅದರ ನಿಯಮಗಳು ಡೇಟಾಬೇಸ್ ಫೈಲೊಂದರಲ್ಲಿದ್ದವು. 2008ರ ಎನ್‌ಪಿಎಸ್ ಅವನ್ನು ಎಕ್ಸ್‌ಎಂಎಲ್ ಎಂಬ ಬೇರೆ ಬಗೆಯ ಫೈಲಿನಲ್ಲಿ ಇಡತೊಡಗಿತು. ಹಾಗಾಗಿ ಹಳೆಯದನ್ನು ನೇರವಾಗಿ ನಕಲು ಮಾಡಿದರೆ ಪ್ರಯೋಜನವಿಲ್ಲ. ಕೊಲ್ಹಾಪುರ ಸಂಸ್ಥಾನದ ಕಾಲದ ಜಮೀನು ಕಾಗದವನ್ನು ಮೋಡಿ ಲಿಪಿ ಬಲ್ಲವರು ಓದಿ ಬಾಲಬೋಧದಲ್ಲಿ ಬರೆದುಕೊಟ್ಟ ಹಾಗೆ, ಹಳೆಯ ನಿಯಮಗಳನ್ನು ಓದಿ ಹೊಸದಕ್ಕೆ ತಿಳಿಯುವಂತೆ ಬರೆದುಕೊಡುವ ಪುಟ್ಟ ಪ್ರೋಗ್ರಾಂ ಒಂದನ್ನು ಮೈಕ್ರೋಸಾಫ್ಟ್ ಕೊಟ್ಟಿತು.

2008ರ ನಂತರದ ಆವೃತ್ತಿಗಳ ನಡುವೆ ಕೆಲಸ ಹಗುರ: ಇಲ್ಲೊಂದು ಆಜ್ಞೆ ಕೊಟ್ಟು ಹೊರತೆಗೆಯುವುದು, ಅಲ್ಲೊಂದು ಕೊಟ್ಟು ಒಳಸೇರಿಸುವುದು. ಒಳಸೇರಿಸುವಾಗ ಹೊಸ ಸರ್ವರ್‌ನಲ್ಲಿ ಮೊದಲೇ ಇದ್ದ ನಿಯಮಗಳು ಅಳಿಸಿಹೋಗುತ್ತವೆ. ಹೊಸ ಆವೃತ್ತಿಯಿಂದ ಹಳೆಯದಕ್ಕೆ ಮರಳಿ ಸಾಗಿಸಬಾರದು.

ನನಗೆ ಹೆಚ್ಚು ಕಳವಳ ಹೊರತೆಗೆದ ಆ ಫೈಲಿನದೇ. ವೈಫೈ ಪೆಟ್ಟಿಗೆ ಮತ್ತು ಸರ್ವರ್ ಪರಸ್ಪರ ನಂಬಲು ಇಬ್ಬರಿಗೂ ಗೊತ್ತಿರುವ ಗುಪ್ತಪದವೊಂದಿರುತ್ತದೆ. ಅಂಥ ಎಲ್ಲ ಗುಪ್ತಪದಗಳೂ ಈ ಫೈಲಿನಲ್ಲಿ ಯಾರು ಬೇಕಾದರೂ ಓದುವಂತೆ ತೆರೆದೇ ಇರುತ್ತವೆ. ಅದನ್ನು ಪೆನ್‌ಡ್ರೈವ್‌ನಲ್ಲಿ ಮರೆತರೆ, ಇಮೇಲ್‌ನಲ್ಲಿ ಕಳಿಸಿದರೆ, ಜಾಲದ ಕೀಲಿಗೊಂಚಲನ್ನೇ ಕೊಟ್ಟಂತೆ. ಕೆಲಸವಾದೊಡನೆ ಅಳಿಸಬೇಕು.

ಫೈಲಿನ ಜೊತೆ ಬಾರದ ಸಂಗತಿಗಳೂ ಇವೆ. ಸರ್ವರ್ ತನ್ನ ಗುರುತು ತೋರಿಸುವ ಸರ್ಟಿಫಿಕೇಟ್ ಬೇರೆಯೇ ಬೇಕು. ಅದಿಲ್ಲದಿದ್ದರೆ ನಿಯಮ ಸರಿಯಿದ್ದರೂ ಫೋನುಗಳು ಜಾಲಕ್ಕೆ ಸೇರಲಾರವು. ಲಾಗನ್ನು ಎಸ್‌ಕ್ಯುಎಲ್ ಡೇಟಾಬೇಸ್‌ಗೆ ಬರೆಯುವ ಏರ್ಪಾಡನ್ನು ಕೈಯಾರೆ ಮತ್ತೆ ಮಾಡಬೇಕು. ಕಂಪ್ಯೂಟರ್‌ನ ಆರೋಗ್ಯ ನೋಡಿ ಒಳಬಿಡುವ ಎನ್‌ಎಪಿ ಸೌಲಭ್ಯವಂತೂ 2016ರ ಆವೃತ್ತಿಯಲ್ಲಿ ಇಲ್ಲವೇ ಇಲ್ಲ. ಅದನ್ನು ನೆಚ್ಚಿದ ನಿಯಮಗಳನ್ನು ಹೊಸದಾಗಿ ಬರೆಯಬೇಕು.

ಇಚಲಕರಂಜಿಯ, ಗಡಹಿಂಗ್ಲಜದ ಯಾವುದೇ ಕಚೇರಿಗೂ ನಾನು ಹೇಳುವುದು ಇಷ್ಟು: ಹಳೆಯ ಸರ್ವರ್ ನಡೆಯುತ್ತಿರಲಿ, ಮೊದಲು ಒಂದೇ ಒಂದು ವೈಫೈ ಪೆಟ್ಟಿಗೆಯನ್ನು ಹೊಸದಕ್ಕೆ ಜೋಡಿಸಿ. ಈವೆಂಟ್ ಲಾಗ್‌ನಲ್ಲಿ 6272 ಕಂಡರೆ ಪ್ರವೇಶ ಸಿಕ್ಕಿದೆ. 6273 ಕಂಡರೆ ಸಿಕ್ಕಿಲ್ಲ, ಕಾರಣ ಅಲ್ಲೇ ಬರೆದಿರುತ್ತದೆ.